ಮೊದಲ ಸಿನಿಮಾ ಯಾವುದು ಅಂತ ಮಾತ್ರ ಕೇಳಬೇಡಿ

ಕೊಪ್ಪಳ ಜಿಲ್ಲೆಯ ಹಳೇ ಟಾಕೀಸುಗಳ ಇತಿಹಾಸ ಬರೆಯಬೇಕು, ಯಾವುದು ಯಾವ ವರ್ಷ ಶುರುವಾಯ್ತು ಅನ್ನೋ ದಾಖಲೆ ಯಾವ ಕಚೇರಿಯಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. 2016ರಲ್ಲಿ ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಓಡಾಡಿದ್ದೆ. ನಮ್ಮದು ಗಂಗಾವತಿ ಕಡೆ.

ನಮ್ಮ ಹೈಸ್ಕೂಲ್ ಬ್ಯಾಚಿನವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದರು. ಟಾಕೀಸಿನ ಮೇಲೆ ಎಂಟು ಪುಟ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಕಚೇರಿ ಅಲೆದಾಟ ಯಾರಿಗೆ ಬೇಕು ಅಂತ ಸುಲಭದ ದಾರಿ ಹಿಡಿದೆ. ಹಿರಿಯರನ್ನು ಕೂರಿಸಿಕೊಂಡು "ಮೊದಲನೇ ಸಿನಿಮಾ ಯಾವುದು ಹಾಕಿದ್ರು?" ಅಂತ ಕೇಳಿದೆ. ಸೋದರಮಾವ ಥಟ್ಟಂತ ಹೇಳಿದರು, "ಬೇಡರ ಕಣ್ಣಪ್ಪ. ಅಲ್ಲೇ ನೋಡೀನಿ." ಪಕ್ಕದ ಮನೆಯ ಅಜ್ಜನೂ ಅದನ್ನೇ ಹೇಳಿದರು. ಕಿರಾಣಿ ಅಂಗಡಿಯವರೂ ಅದೇ. ಮೂರು ಸಾಕ್ಷಿ ಸಿಕ್ಕವು, ಇನ್ನೇನು ಬೇಕು? ಬೇಡರ ಕಣ್ಣಪ್ಪ ಬಂದಿದ್ದು 1954ರಲ್ಲಿ. 'ನಮ್ಮೂರ ಟಾಕೀಸು ಶುರುವಾದದ್ದು 1954' ಅಂತ ಬರೆದೆ. ಐನೂರು ಪ್ರತಿ ಅಚ್ಚಾಯಿತು.

ಮಾರನೇ ವಾರ ಟಾಕೀಸಿನ ಮಾಲೀಕರ ಮನೆಯಿಂದ ಫೋನ್ ಬಂತು. ಹೋದೆ. ಮನೆಯ ಹಿರಿಯರು ಮಂಚದ ಮೇಲೆ ಒಂದು ಗಂಟು ಬಿಚ್ಚಿ ಲೈಸೆನ್ಸ್ ಹೊರಗೆ ತೆಗೆದರು. 1963! ರಾಜ್ಯದ ಹೆಸರು ಮೈಸೂರು, ಆದರೆ ಕಾಯ್ದೆ ಮಾತ್ರ ಹೈದರಾಬಾದಿನ 1952ರ ಸಿನಿಮಾ ಕಾಯ್ದೆ. "ನಮ್ಮಪ್ಪಗ ಒಂಬತ್ತು ವರ್ಷ ಮೊದ್ಲ ಟಾಕೀಸ್ ಕಟ್ಟಿಸಿಕೊಟ್ಟೀಯಲ್ಲೋ ತಮ್ಮಾ" ಅಂದರು. ನಗಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಇದನ್ನೇ ಮಾಡೋರಿದ್ದೀರಿ. ಒಂದನೇದು, ಆಗ ಪ್ರಿಂಟುಗಳೇ ಕಡಿಮೆ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಓಡಿ, ಗೆರೆ ಬಿದ್ದು, ಅಂಚಿನ ತೂತು ಹರಿದ ಮೇಲೆ ಆ ಡಬ್ಬಿಗಳು ನಮ್ಮ ಕಡೆ ಬರುತ್ತಿದ್ದವು. ಸಿನಿಮಾ ತೆರೆಕಂಡ ವರ್ಷಕ್ಕೂ ನಮ್ಮೂರಿಗೆ ಬಂದ ವರ್ಷಕ್ಕೂ ಸಂಬಂಧವೇ ಇಲ್ಲ. ಎರಡನೇದು, ಆ ಮೂವರು ಮೂರು ಸಾಕ್ಷಿಗಳಲ್ಲ. ಒಂದೇ ಓಣಿಯಲ್ಲಿ ಬೆಳೆದು, ಒಟ್ಟಿಗೆ ಹೋಗಿ ಸಿನಿಮಾ ನೋಡಿದವರು. ಐವತ್ತು ವರ್ಷ ಕಟ್ಟೆ ಮೇಲೆ ಅದೇ ಮಾತಾಡಿದವರು. ಮೂರನೇದೇ ನನ್ನನ್ನು ಮುಳುಗಿಸಿದ್ದು. ಮಾವ ಸುಳ್ಳು ಹೇಳಿರಲಿಲ್ಲ. ಅವರು ಬೇಡರ ಕಣ್ಣಪ್ಪ ನೋಡಿದ್ದು ಅದೇ ಜಾಗದಲ್ಲೇ, ಆದರೆ ಟೆಂಟಿನಲ್ಲಿ! ಟೂರಿಂಗ್ ಟಾಕೀಸಿಗೆ ಕೆಲವು ತಿಂಗಳ ಲೈಸೆನ್ಸ್ ಅಷ್ಟೇ. ಟೆಂಟು ಬರೋದು, ಹೋಗೋದು, ಮತ್ತೆ ಬರೋದು. ಕೊನೆಗೆ ಅಲ್ಲೇ ಗೋಡೆ ಎದ್ದಿತು. ಜನ ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡರು. "ಚಾವಣಿ ಇತ್ತಾ ಮಾವ, ಎಲ್ಲಿ ಕೂತಿದ್ರಿ?" ಅಂತ ಒಂದು ಮಾತು ಕೇಳಿದ್ದರೆ ಮುಗಿದೇ ಹೋಗುತ್ತಿತ್ತು. ಆಮೇಲೆ ಕೇಳಿದೆ. "ಮರಳಾಗ" ಅಂದರು.

ಅದಕ್ಕೇ ಹೇಳುತ್ತಿದ್ದೇನೆ, ಸಿನಿಮಾ ಹೆಸರು ಕೇಳಬೇಡಿ. ಯಾವುದರ ಮೇಲೆ ಕೂತಿದ್ರಿ, ಯಾರ ಜೊತೆ ಹೋಗಿದ್ರಿ, ಮದುವೆ ಆಗಿತ್ತಾ, ಹೊಲಕ್ಕೆ ಕಾಲುವೆ ನೀರು ಬಂದಿತ್ತಾ ಅಂತ ಕೇಳಿ. ನಮ್ಮ ಕಡೆ ಕಾಲುವೆಯೇ ದೊಡ್ಡ ಕ್ಯಾಲೆಂಡರ್. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಡೋಕೆ ಶುರುವಾದ ಮೇಲೆ ಭತ್ತ ಬಂತು, ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ತೆಲುಗು ಸಿನಿಮಾಕ್ಕೆ ಅಷ್ಟು ಜನ ಯಾಕೆ ಅನ್ನೋದು ಕ್ಯಾಂಪ್ ಬಿಟ್ಟು ಬರೆದರೆ ಅರ್ಥವೇ ಆಗಲ್ಲ. ಇದು ಬರೀ ವರ್ಷ, ಹೆಸರಿನ ಪಟ್ಟಿಯಲ್ಲಿ ಸಿಗೋದಲ್ಲ. ನಿಜ ಹೇಳಬೇಕಂದ್ರೆ ನಿಮ್ಮ ಪಟ್ಟಿಯ ಯೋಚನೆಯೇ ನನಗೆ ಹಿಡಿಸಲಿಲ್ಲ.

ಕಚೇರಿ ಕೇಳಿದ್ರಿ ಅಲ್ವಾ? ಕೊಪ್ಪಳ ಜಿಲ್ಲೆಯಾಗಿದ್ದೇ 1997ರಲ್ಲಿ. ಅದಕ್ಕೂ ಹಿಂದೆ ನಾವು ರಾಯಚೂರು ಜಿಲ್ಲೆ, 1956ಕ್ಕೂ ಹಿಂದೆ ಹೈದರಾಬಾದ್ ರಾಜ್ಯ. ಹೊಳೆ ದಾಟಿ ಹೊಸಪೇಟೆ, ಬಳ್ಳಾರಿಗೆ ಹೋದರೆ 1953ರ ಅಕ್ಟೋಬರ್ 1ರ ತನಕ ಮದ್ರಾಸ್. ಅಲ್ಲಿಯ ಹಳೇ ಕಡತ ಹುಡುಕೋದಾದರೆ ಚೆನ್ನೈನ ಎಗ್ಮೋರ್ ಪತ್ರಾಗಾರದ ದಾರಿ ಹಿಡಿಯಬೇಕು. ಲೈಸೆನ್ಸ್ ಕೊಡೋರು ಜಿಲ್ಲಾ ಮ್ಯಾಜಿಸ್ಟ್ರೇಟ್. ಕೊಡೋದು ನಡೆಸೋ ಮನುಷ್ಯನಿಗೆ, ಹಾಗಾಗಿ ಬರೀ ಟಾಕೀಸಿನ ಹೆಸರು ಹಿಡಿದು ಹೋದರೆ ಸುಮ್ನೆ ತಿರುಗಾಟ. ಲೀಜ್ ಬದಲಾದಾಗ ಟಾಕೀಸಿನ ಹೆಸರೂ ಬದಲಾಗಿರುತ್ತದೆ. ಒಂದೇ ಕಟ್ಟಡವನ್ನು ಎರಡು ಅಂತ ಎಣಿಸಿದವರನ್ನು ನೋಡಿದ್ದೇನೆ.

ಅದಕ್ಕಿಂತ ಮೊದಲು ಡಿಸಿಆರ್ ಹುಡುಕಿ. ಅಂದರೆ ದಿನದ ಕಲೆಕ್ಷನ್ ಹಾಳೆ. ಮೇಲೆ ಟಾಕೀಸು, ಸಿನಿಮಾ, ತಾರೀಕು. ಕೆಳಗೆ ನೆಲ, ಬೆಂಚು, ಕುರ್ಚಿ. ಒಂದೊಂದಕ್ಕೂ ಟಿಕೆಟ್ಟಿನ ಮೊದಲ ನಂಬರು, ಕೊನೇ ನಂಬರು, ಮನರಂಜನೆ ತೆರಿಗೆ, ವಿತರಕರ ಪಾಲು. ಕೊನೆಗೆ ಮ್ಯಾನೇಜರ್ ಸಹಿ, ಪ್ರಿಂಟಿನ ಜೊತೆ ಬಂದ ವಿತರಕರ ಮನುಷ್ಯನ ಸಹಿ. ಒಬ್ಬರನ್ನೊಬ್ಬರು ನಂಬದ ಇಬ್ಬರು ಕೂತು ಮಾಡಿದ ಲೆಕ್ಕ ಅದು. ನಮ್ಮ ಮಾವಂದಿರ ನೆನಪಿಗಿಂತ ಅದನ್ನು ಜಾಸ್ತಿ ನಂಬಬಹುದು.

ಆ ಗಂಟಿನಲ್ಲಿ ಇಂಥ ಹಾಳೆಗಳು ಒಂದು ಮೊಳ ಎತ್ತರ ಇದ್ದವು. ನಾಚಿಕೆಯಲ್ಲಿ ಫೋಟೋ ಹೊಡೆಯೋದಿರಲಿ, ಸರಿಯಾಗಿ ನೋಡಲೂ ಇಲ್ಲ. ಎರಡು ತಿಂಗಳು ಬಿಟ್ಟು ಹೋಗಿ ಕೇಳಿದರೆ "ಎಲ್ಲಾ ಬರ್ದು ಮುಗಿಸೀಯಲ್ಲ, ಇನ್ನ ಕಾಗದ ಯಾಕ?" ಅಂದರು. ಬಾಗಿಲಿಂದಲೇ ವಾಪಸ್. ಮರುವರ್ಷ ಟಾಕೀಸು ಕೆಡವಿದರು. ಗಂಟು ರದ್ದಿಗೆ ಹೋಗಿದೆ ಅಂತ ಗೊತ್ತಾಗೋ ಹೊತ್ತಿಗೆ ರದ್ದಿ ಅಂಗಡಿಯಲ್ಲಿ ಉಳಿದಿದ್ದು ಒಂದೇ ಹಾಳೆ, ಅದೂ ಬೇರೆ ರದ್ದಿಯ ಕಟ್ಟಿಗೆ ಸುತ್ತಿದ್ದು. ಹತ್ತು ರೂಪಾಯಿ ಕೊಟ್ಟು ತಂದೆ. ವರ್ಷ ಇರೋ ಮೂಲೆ ಹರಿದಿದೆ. ಜುಲೈ ತಿಂಗಳು, ಎರಡನೇ ಆಟ. ನೆಲ 11, ಬೆಂಚು 4, ಕುರ್ಚಿ ಸೊನ್ನೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಮಳೆ' ಅಂತ ಬರೆದಿದ್ದಾರೆ.