ಹಳೇ ಜಿಪ್ಸಿ ತಗೊಳ್ಳೋಕೆ ಮುಂಚೆ ಟ್ರಾನ್ಸ್‌ಫರ್ ಕೇಸ್ ನೋಡೋದು

ಸಾರ್, ಸಕಲೇಶಪುರದ ಎಸ್ಟೇಟ್ ಜಿಪ್ಸಿ ನೋಡಿದೀನಿ, ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನಿಂದ ಬರೋ ಶಕ್ತೀನ ಮುಂದಿನ, ಹಿಂದಿನ ಚಕ್ರಕ್ಕೆ ಹಂಚೋ ಪೆಟ್ಟಿಗೆ) ಸವೆದಿದ್ಯಾ ಅಂತ ಹೆಂಗೆ ಗೊತ್ತಾಗುತ್ತೆ ಅಂದ್ರಲ್ಲ, ಮೊದ್ಲು ಚಕ್ರಕ್ಕೆ ಕಲ್ಲು ಕೊಟ್ಟು ಗಾಡಿ ಕೆಳಗೆ ಮಲ್ಕೊಳ್ಳಿ. ಜಿಪ್ಸೀಲಿ ಅದು ಗೇರ್‌ಬಾಕ್ಸ್‌ಗೆ ಅಂಟ್ಕೊಂಡಿರಲ್ಲ, ಹಿಂದೆ ಬೇರೆಯಾಗಿ ರಬ್ಬರ್ ಮೌಂಟ್ ಮೇಲೆ ಕೂತಿರುತ್ತೆ, ಮಧ್ಯೆ ಒಂದು ಗಿಡ್ಡ ಶಾಫ್ಟ್. ಮೌಂಟ್ ಹರಿದಿದ್ರೂ ಕಟಕಟ ಅನ್ನುತ್ತೆ, ಅದಕ್ಕೆ ಹೆದರ್ಬೇಡಿ, ಚಿಲ್ರೆ ಖರ್ಚು. ಆದ್ರೆ ಶಾಫ್ಟ್ ಸೇರೋ ಜಾಗದಲ್ಲಿ ಕೈಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡ್ಸಿದಾಗ ಆಟ ಇದ್ರೆ ಬೇರಿಂಗ್ ಹೋಗಿದೆ ಅಂತ್ಲೇ ಲೆಕ್ಕ.

ಕೇಸ್‌ಗೆ ಆಯಿಲ್ ತುಂಬೋ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ ಆಯಿಲ್ ನೋಡಿ, ಹಾಲು ಕಾಫಿ ಬಣ್ಣ ಇದ್ರೆ ನೀರು ಸೇರಿದೆ, ಹೊಳೆಯೋ ಚೂರು ಕೈಗೆ ಸಿಕ್ರೆ ಸುಮ್ನೆ ವಾಪಸ್ ಬನ್ನಿ. ಕೇಸ್ ಮೇಲೆ ಫಳಫಳ ಅಂತ ತೊಳೆದಿದ್ರೆ ನಂಗಂತೂ ಡೌಟೇ, ಲೀಕ್ ಮುಚ್ಚೋಕೆ ತೊಳೀತಾರೆ.

ಆಮೇಲೆ ಮುಂದಿನ ಚಕ್ರದ ಹಬ್ ಲಾಕ್ ಆಗಿದ್ಯಾ ನೋಡ್ಕೊಂಡು (ಆಗದಿದ್ರೆ ಆ ಚಕ್ರಕ್ಕೆ ಶಕ್ತಿ ಹೋಗಲ್ಲ), ಮಣ್ಣು ರೋಡಲ್ಲಿ ಫೋರ್ ಲೋ (ನಾಲ್ಕೂ ಚಕ್ರ ಎಳೆಯೋ ನಿಧಾನದ ಗೇರ್) ಹಾಕಿ ಏರು ಹತ್ತಿಸಿ, ಇಳಿಜಾರಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಡಿ, ಫೋರ್ ಲೋ ಲಿವರ್ ತಾನೇ ಹಾರಿ ನ್ಯೂಟ್ರಲ್‌ಗೆ ಬಂದ್ರೆ ಒಳಗೆ ಗೇರ್ ಬದಲಿಸೋ ಸ್ಲೀವ್, ಫೋರ್ಕ್ ಸವೆದಿರೋ ಚಾನ್ಸ್ ಜಾಸ್ತಿ. ಡಾಂಬರು ರೋಡಲ್ಲಿ ಮಾತ್ರ ಈ ಟೆಸ್ಟ್ ಬೇಡ, ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಸೆಂಟರ್ ಡಿಫರೆನ್ಷಿಯಲ್ ಜಿಪ್ಸೀಲಿ ಇಲ್ವಲ್ಲ, ತಿರುಗಿಸಿದ್ರೆ ಒಳ್ಳೆ ಗಾಡಿನೂ ಬಿಗಿಯುತ್ತೆ.