ಒದ್ದೆ ಮನೆ ಒಣಗಿಸುವ ವ್ಯಾಪಾರಕ್ಕೆ ಕೈ ಹಾಕುವ ಮುನ್ನ

ಹ್ಯೂಸ್ಟನ್ ಪಕ್ಕದ ಕೇಟಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಐಟಿ ಕೆಲಸ ಬಿಟ್ಟು, ನೀರು, ಬೆಂಕಿಯಿಂದ ಹಾಳಾದ ಮನೆಗಳನ್ನು ಸರಿಮಾಡುವ ಕಂಪನಿಯೊಂದರ ಫ್ರಾಂಚೈಸಿ ತಗೊಳ್ಳೋಣ ಅಂತಿದ್ದೇನೆ. ಗ್ರೀನ್ ಕಾರ್ಡ್ ಇದೆ. ಉಳಿತಾಯ ಸಾಲದು, ಸಾಲ ಮಾಡಬೇಕು. ಚಂಡಮಾರುತಕ್ಕೆ ಬಿಡುವಿಲ್ಲ, ದುಡ್ಡು ವಿಮೆಯವರು ಕೊಡ್ತಾರೆ. ನಷ್ಟದ ಮಾತೆಲ್ಲಿ ಬಂತು?"

ಉತ್ತರ: ಕೆಲಸಕ್ಕೆ ಬರ ಇಲ್ಲ, ಒಪ್ಪುತ್ತೇನೆ. 2017ರ ಹಾರ್ವೆ ಚಂಡಮಾರುತ, 2021ರ ಫೆಬ್ರವರಿ ಚಳಿಗೆ ಒಡೆದ ಪೈಪುಗಳು, ಎರಡನ್ನೂ ನಿಮ್ಮೂರು ಕಂಡಿದೆ. ಆದರೆ ಪ್ರವಾಹದ ನೀರಿಗೆ ಮಾಮೂಲಿ ಮನೆ ವಿಮೆ ದುಡ್ಡು ಕೊಡುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. ಹಾರ್ವೆಯಲ್ಲಿ ಮುಳುಗಿದ ಬಹಳಷ್ಟು ಮನೆಗಳಿಗೆ ಅದು ಇರಲಿಲ್ಲ.

ಇನ್ನು ವಿಮೆಯವರು ಕೊಡುತ್ತಾರೆ ಅನ್ನುವ ಮಾತು. ನನಗೆ ಭಯ ಇರುವುದೇ ಅಲ್ಲಿ. ರಾತ್ರಿ ಎರಡಕ್ಕೆ ಫೋನ್ ಬರುತ್ತದೆ. ಬೂಸ್ಟು ಹಿಡಿಯಲು 24ರಿಂದ 48 ಗಂಟೆ ಸಾಕು, ಹಾಗಾಗಿ ಆಗಲೇ ಹೊರಡಬೇಕು. ನೀರು ಎಳೆದು, ನೆನೆದ ಡ್ರೈವಾಲ್ (ಗೋಡೆಯ ಜಿಪ್ಸಮ್ ಹಲಗೆ) ಕತ್ತರಿಸಿ, ಫ್ಯಾನು, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟು, ದಿನಾ ಗೋಡೆಯ ತೇವ ಅಳೆದು ಬರೆದಿಡಬೇಕು. ಆಮೇಲೆ ರಿಪೇರಿ ಖರ್ಚು ಲೆಕ್ಕ ಹಾಕುವ ಎಕ್ಸಾಕ್ಟಿಮೇಟ್ ಸಾಫ್ಟ್‌ವೇರಿನಲ್ಲಿ ಬಿಲ್. "ಮೂರು ದಿನ ಸಾಕಿತ್ತಲ್ಲ, ನಾಲ್ಕನೇ ದಿನ ಮೆಷಿನ್ ಯಾಕೆ?" ಅಂತ ವಿಮೆಯವರ ಕಡೆಯಿಂದ ನಷ್ಟ ಲೆಕ್ಕ ಹಾಕುವ ಅಡ್ಜಸ್ಟರ್ ಕೇಳಬಹುದು. ವಿಮೆಯ ಚೆಕ್ಕಿನಲ್ಲಿ ಮನೆಯವರ ಜೊತೆ ಗೃಹಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇದ್ದರೆ ಅದರ ಸಹಿಗೂ ಕಾಯಬೇಕು. ಹುಡುಗರ ಸಂಬಳ, ವ್ಯಾನಿನ ಕಂತು ಕಾಯುತ್ತವಾ? ಫ್ರಾಂಚೈಸಿ ಕೊಟ್ಟ ಕಂಪನಿಗೆ ಕಟ್ಟುವ ರಾಯಲ್ಟಿಯೂ ಸಾಮಾನ್ಯವಾಗಿ ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ. ಕೈತುಂಬ ಕೆಲಸ ಇರುವಾಗಲೇ ಜೇಬು ಖಾಲಿಯಾಗುವ ವ್ಯಾಪಾರ ಇದು.

ಸಹಿಗೂ ದುಡ್ಡಿಗೂ ಕನಿಷ್ಠ 14 ದಿನ ಮೊದಲು ಕಂಪನಿ ನಿಮಗೆ ಎಫ್‌ಡಿಡಿ (ಫ್ರಾಂಚೈಸ್ ಡಿಸ್‌ಕ್ಲೋಷರ್ ಡಾಕ್ಯುಮೆಂಟ್, ಅಂದರೆ ಫ್ರಾಂಚೈಸಿಯ ವಿವರ ಬಿಚ್ಚಿಡುವ ಪತ್ರ) ಅನ್ನುವ ದಾಖಲೆ ಕೊಡಲೇಬೇಕು. ಇದು ಫೆಡರಲ್ ಟ್ರೇಡ್ ಕಮಿಷನ್ ನಿಯಮ. ಅದರಲ್ಲಿ 23 ಐಟಂ ಇರುತ್ತವೆ. 7ನೆಯದು ಶುರುವಿನ ಬಂಡವಾಳ. ಅಲ್ಲಿ ವ್ಯಾಪಾರ ನಡೆಸುವ ಕೈಖರ್ಚಿನ ಹಣವನ್ನು ಎಷ್ಟು ತಿಂಗಳಿಗೆ ಹಿಡಿದಿದ್ದಾರೆ ನೋಡಿ. ಮೂರೇ ತಿಂಗಳಾದರೆ ನಿಮಗೆ ಸಾಲದು. 19ನೆಯದು ಗಳಿಕೆ. ಅದನ್ನು ಕೊಡಲೇಬೇಕೆಂದಿಲ್ಲ. ಕೊಟ್ಟಿದ್ದರೂ ಅದು ಬರೀ ವ್ಯಾಪಾರದ ಮೊತ್ತವೋ ಲಾಭವೋ ನೋಡಿಕೊಳ್ಳಿ.

ನನಗೆ ಎಲ್ಲಕ್ಕಿಂತ ಮುಖ್ಯ 20ನೆಯದು. ಈಗಿರುವ ಫ್ರಾಂಚೈಸಿಗಳ ಜೊತೆ ಈಚೆಗೆ ಬಿಟ್ಟು ಹೋದವರ ಹೆಸರೂ ಅಲ್ಲಿರುತ್ತದೆ. ಕಂಪನಿ ತೋರಿಸುವ ಇಬ್ಬರನ್ನು ಮಾತಾಡಿಸಿ ಸುಮ್ನೆ ಕೂರಬೇಡಿ. ಬಿಟ್ಟವರಿಗೆ ಫೋನ್ ಮಾಡಿ. ಬಿಲ್ ಕಳಿಸಿ ಎಷ್ಟು ದಿನಕ್ಕೆ ದುಡ್ಡು ಬರುತ್ತಿತ್ತು? ನಿಮಗೆ ಅಂತ ಮೊದಲ ಸಂಬಳ ತಗೊಂಡಿದ್ದು ಯಾವಾಗ? ಈ ಎರಡು ಕೇಳಿ.

ಟೆಕ್ಸಾಸಿನಲ್ಲಿ ಒಂದೇ ಕಡೆ 25 ಚದರಡಿ ಅಥವಾ ಜಾಸ್ತಿ ಬೂಸ್ಟು ತೆಗೆಯುವ ಕೆಲಸಕ್ಕೆ ಬೇರೆ ಲೈಸೆನ್ಸ್ ಬೇಕು. ಇನ್ನು ಸಾಲ. ಸಣ್ಣ ವ್ಯಾಪಾರಗಳಿಗೆ ಸರ್ಕಾರದ ಗ್ಯಾರಂಟಿ ಇರುವ ಎಸ್‌ಬಿಎ (ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್) ಸಾಲ 2026ರ ಮಾರ್ಚ್‌ನಿಂದ ಗ್ರೀನ್ ಕಾರ್ಡಿನವರಿಗೆ ಸಿಗುವುದಿಲ್ಲ. ಬೇರೆ ಕಡೆಯ ಸಾಲಕ್ಕೆ ನಿಮ್ಮ ಸ್ವಂತ ಜಾಮೀನು ಕೊಟ್ಟರೆ, ವ್ಯಾಪಾರ ನಿಂತರೂ ಸಾಲ ನಿಮ್ಮದೇ.

ಆರು ತಿಂಗಳ ಸಂಬಳ, ಬಾಡಿಗೆಗೆ ಆಗುವಷ್ಟು ದುಡ್ಡು ಬೇರೆಯಾಗಿ ಇಟ್ಟುಕೊಳ್ಳಲು ಆಗುವುದಾದರೆ ಮುಂದುವರಿಯಿರಿ. ಇಲ್ಲದಿದ್ದರೆ ಈಗ ಬೇಡ ಅಂತಲೇ ನನ್ನ ಅಭಿಪ್ರಾಯ. ಏನೇ ಆದರೂ ಎಫ್‌ಡಿಡಿಯನ್ನು ಫ್ರಾಂಚೈಸಿ ವಿಷಯ ಗೊತ್ತಿರುವ ವಕೀಲರಿಗೆ ಓದಿಸಿ. ಆ ಫೀಸಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ.