ಕನ್ನಡ ಟೈಪಿಂಗ್ ತಂತ್ರಾಂಶ ಹಾಕುವ ಮೊದಲು

ತೋಟದ ಲೆಕ್ಕವನ್ನು ಕನ್ನಡದಲ್ಲಿ ಬರೆಯಬೇಕು, 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದಿಟ್ಟ ಸಂಘದ ಹಳೆಯ ಕಡತಗಳನ್ನೂ ಓದಬೇಕು. ಅದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಟೈಪಿಂಗ್ ತಂತ್ರಾಂಶ ಹಾಕಬಹುದೇ, ಅದು ಆ್ಯಂಟಿವೈರಸ್ ಆಫ್ ಮಾಡಲು ಹೇಳುತ್ತಿದೆ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಕಾವಲು ನಾಯಿಯನ್ನು ಕಟ್ಟಿಹಾಕಿ ಎಂದು ಹೇಳಿ ಅಂಗಳಕ್ಕೆ ಬರುವವರನ್ನು ನಾವು ಅಡಿಕೆ ಅಟ್ಟ ಹತ್ತಿಸುವುದಿಲ್ಲ.

ಟೈಪಿಂಗ್ ತಂತ್ರಾಂಶಕ್ಕೆ ನೀವು ಒತ್ತುವ ಪ್ರತಿಯೊಂದು ಕೀಲಿಯೂ ಗೊತ್ತಾಗಲೇಬೇಕು. ಇಲ್ಲದಿದ್ದರೆ ಇಂಗ್ಲಿಷಿನ 'ಕೆ' ಒತ್ತಿದಾಗ 'ಕ' ಮೂಡಿಸುವುದು ಹೇಗೆ? ರಾಶಿ, ಚಾಲಿ, ಕೆಂಪುಗೋಟು ಎಂದು ಅಡಿಕೆಯ ಬಗೆಗಳನ್ನು ಬರೆಯುವಾಗ ನೋಡುವ ಅದೇ ಕಣ್ಣು ಬ್ಯಾಂಕಿನ ಪಾಸ್‌ವರ್ಡ್ ಬರೆಯುವಾಗಲೂ ತೆರೆದಿರುತ್ತದೆ. ಆದ್ದರಿಂದ ಗುರುತಿಲ್ಲದ ಕೈಯಿಂದ ಬೇರೇನನ್ನು ತೆಗೆದುಕೊಂಡರೂ ಇದನ್ನು ಮಾತ್ರ ತೆಗೆದುಕೊಳ್ಳಬಾರದು.

ನಿಮಗೆ ಅದು ಬೇಕಾಗಿಯೂ ಇಲ್ಲ. ವಿಂಡೋಸ್ 10ರಲ್ಲಿ 2019ರ ಮೇ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ (ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಂತೆ ಕನ್ನಡ ಮೂಡಿಸುವ) ಕೀಲಿಮಣೆ ಜೊತೆಗೇ ಬಂದಿದೆ, 11ರಲ್ಲೂ ಇದೆ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಆರಿಸಿಕೊಳ್ಳಿ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಹಳೆಯ ಕಡತಗಳನ್ನು ಓದುವುದಕ್ಕಷ್ಟೇ ಆದರೆ ನುಡಿಯ ಫಾಂಟ್ ಸಾಕು, ಕೀಲಿಮಣೆ ಬೇಡ. ಫಾಂಟ್ ಕಡತದ ಹೆಸರು 'ಟಿಟಿಎಫ್' (.ttf) ಎಂದು ಮುಗಿಯಬೇಕು. ವಿಂಡೋಸ್ ಈ ಬಾಲವನ್ನು ಸಾಮಾನ್ಯವಾಗಿ ಅಡಗಿಸಿಡುತ್ತದೆ. ತೋರಿಸುವಂತೆ ಮಾಡಿಯೇ ನೋಡಿ. ಕೊನೆಯಲ್ಲಿ 'ಇಎಕ್ಸ್‌ಇ' (.exe) ಕಂಡರೆ ಅದು ಫಾಂಟ್ ಅಲ್ಲ, ತಂತ್ರಾಂಶ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಪಹಣಿ ಪ್ರತಿಗಳನ್ನು ಒಂದೇ ಪಿಡಿಎಫ್ ಮಾಡಬೇಕೆಂದು ಒಮ್ಮೆ ನಾನು ಯಾವುದೋ ತಾಣದಿಂದ ಉಚಿತ ತಂತ್ರಾಂಶ ಇಳಿಸಿಕೊಂಡೆ. ಕೆಲಸವೇನೋ ಆಯಿತು. ಆದರೆ ಬ್ರೌಸರಿನ ಮುಖಪುಟ ಬದಲಾಗಿತ್ತು, ನಾನು ಕೇಳದ ಮೂರು ತಂತ್ರಾಂಶಗಳು ಬಂದು ಕೂತಿದ್ದವು. 'ನೆಕ್ಸ್ಟ್' ಒತ್ತುತ್ತ ಹೋದ ಪುಟಗಳಲ್ಲಿ ಅವರೇ ಮೊದಲು ಟಿಕ್ ಹಾಕಿಟ್ಟಿದ್ದರು. ಶಿರಸಿಗೆ ಒಯ್ದು ವಿಂಡೋಸನ್ನು ಹೊಸದಾಗಿ ಹಾಕಿಸುವವರೆಗೆ ನನಗೆ ನೆಮ್ಮದಿಯ ನಿದ್ದೆ ಬರಲಿಲ್ಲ.

ಬೇರೆ ತಂತ್ರಾಂಶ ಬೇಕಾದಾಗ ತಯಾರಕರ ತಾಣದಿಂದಲೇ ಇಳಿಸಿ. ಕಡತದ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಯಾರ ಹೆಸರಿನಲ್ಲಿದೆ ನೋಡಿ. ಸಹಿ ಇದ್ದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಎಂದಲ್ಲ: 2017ರಲ್ಲಿ ಕಂಪ್ಯೂಟರಿನ ಕಸ ತೆಗೆಯುವ ತಂತ್ರಾಂಶ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ಹಾನಿ ಮಾಡುವ ಕಳ್ಳ ಕೋಡ್ ಸೇರಿಕೊಂಡು, ಕಂಪನಿಯ ಸರಿಯಾದ ಸಹಿಯೊಡನೆ, ಕಂಪನಿಯ ತಾಣದಿಂದಲೇ ಜನರನ್ನು ತಲುಪಿತ್ತು. ನಾನಂತೂ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ತೀರಾ ಅಗತ್ಯವಾದ ನಾಲ್ಕೈದನ್ನು ಬಿಟ್ಟು ಬೇರೇನೂ ಇಟ್ಟುಕೊಂಡಿಲ್ಲ.

ನಿಮಗೆ ಬಂದ ಆ ಟೈಪಿಂಗ್ ಕಡತವನ್ನು ಈಗಾಗಲೇ ಒಮ್ಮೆ ತೆರೆದಿದ್ದರೆ ಇಂದೇ ಇಂಟರ್ನೆಟ್ ಸಂಪರ್ಕ ಕಡಿದುಹಾಕಿ, ಪಾಸ್‌ವರ್ಡ್‌ಗಳನ್ನು ಮೊಬೈಲಿನಿಂದ ಬದಲಿಸಿ. ಖಾತೆಯಿಂದ ಹಣ ಹೋಗಿದ್ದು ಕಂಡರೆ ಬೆಳಗಾಗಲಿ ಎಂದು ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.